ಅರ್ಧ ಬಾಲದ ವಿಮಾನ

ಶಿಡ್ಲಘಟ್ಟ
12 ಅಕ್ಟೋಬರ್ 1986

ಅನಸೂಯ,

ಮಾದರಿ ವಿಮಾನಗಳ ಪ್ರದರ್ಶನ ಈ ಸಲ ಜನವರಿ 17ರ ಶನಿವಾರ ಬೆಂಗಳೂರಿನಲ್ಲಿ ನಡೆಯುತ್ತದೆ. ಗುರುವಾರದ ಪೇಪರಿನ ನಾಲ್ಕನೇ ಪುಟದಲ್ಲಿ ಬಂದಿದೆ, ಕೆಳಗೆ ಹವ್ಯಾಸಿಗಳ ಕೂಟದ ಕಾರ್ಯದರ್ಶಿಯ ವಿಳಾಸವೂ ಇದೆ. ಈ ವರ್ಷ ಹೊಸದಾಗಿ ಒಂದು ವಿಭಾಗ ಸೇರಿಸಿದ್ದಾರೆ: ಅಪರೂಪದ ವಿಮಾನಗಳು. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆ ತಂದು ಅದರೊಳಗಿನ ತುಂಡುಗಳನ್ನು ಅಂಟಿಸಿದರೆ ನಡೆಯುವುದಿಲ್ಲ. ನಕ್ಷೆ ನೋಡಿ, ಮರ, ತಗಡುಗಳಿಂದ ಪೂರ್ತಿ ಕೈಯಲ್ಲೇ ಮಾಡಿದ್ದಾಗಬೇಕು. ನಕ್ಷೆಯನ್ನೂ ಜೊತೆಗೆ ತಂದು ತೋರಿಸಬೇಕು.

ನೀನು ಗೌರಿಬಿದನೂರಿಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಮೂರು ವರ್ಷ ಎರಡು ತಿಂಗಳಾಯಿತು. ನಿಮ್ಮಮ್ಮ ಆಗಾಗ ನಿನ್ನಲ್ಲಿಗೆ ಬಂದು ಹೋಗುವುದರಿಂದ ನಿನ್ನ ಸುದ್ದಿ ತಿಳಿಯುತ್ತಿದೆ. ಇಂಜಿನಿಯರರ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಟ್ರೇಸರ್ ಕೆಲಸ ಖಾಯಂ ಆಯಿತೆಂದು ಅವಳೇ ಹೇಳಿದಳು.

ನಾನು ಮಾಡಬೇಕೆಂದಿರುವುದು ಬ್ಲೋಮ್ ಅಂಡ್ ವಾಸ್ 141. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ವಿಮಾನ. ಶತ್ರುವಿನ ನೆಲವನ್ನು ಮೇಲಿನಿಂದ ನೋಡಿಬರಲು ಕಟ್ಟಿದ್ದು. ಇಂಜಿನ್ನು ಮತ್ತು ಬಾಲ ಇರುವ ಉದ್ದ ಕೊಳವೆ ಒಂದು ಪಕ್ಕಕ್ಕಿದೆ. ಜನ ಕೂರುವ ಗಾಜಿನ ಗೂಡು ಬೇರೆಯಾಗಿ ಇನ್ನೊಂದು ಪಕ್ಕಕ್ಕಿದೆ. ಬಾಲದ ಅಡ್ಡಪಟ್ಟಿ ಕೂಡ ಒಂದೇ ಕಡೆ. ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಹಳೇ ಪತ್ರಿಕೆಯಲ್ಲಿ ಅದರ ಹೆಬ್ಬೆಟ್ಟಿನಷ್ಟು ಚಿತ್ರ ನೋಡಿ, "ಅಪ್ಪ, ಇದು ಹಾರಿದ್ದು ನಿಜಾನಾ?" ಅಂತ ಕೇಳಿದ್ದೆ. ಹಾರಿದೆ. 1938ರಲ್ಲಿ.

ನಕ್ಷೆ ಇರುವುದು ತೊಂಡೇಬಾವಿಯಲ್ಲಿ. ವಾಯುಪಡೆಯಿಂದ ನಿವೃತ್ತರಾದ ಬಯ್ಯಪ್ಪನವರ ಹತ್ತಿರ ಯುದ್ಧದ ಕಾಲದ ಒಂದು ಪುಸ್ತಕವಿದೆ, ಯಾವ ವಿಮಾನ ಯಾರದೆಂದು ಗುರುತು ಹಿಡಿಯಲು ಸೈನಿಕರಿಗೆ ಕೊಡುತ್ತಿದ್ದದ್ದು. ಪುಸ್ತಕವನ್ನು ಅವರು ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ನಕಲು ಮಾಡಿಕೊಳ್ಳಬಹುದು. ನಿನ್ನ ಊರಿನಿಂದ ಅಲ್ಲಿಗೆ ರೈಲಿದೆ. ನನಗೆ ಕೆತ್ತಲು ಬರುತ್ತದೆ, ನಕ್ಷೆ ತೆಗೆಯಲು ಬರುವುದಿಲ್ಲ. ಇದು ನಿನಗೆ ಗೊತ್ತಿರುವುದೇ.

ನಿಮ್ಮಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾಳೆ: "ವಿಮಾನ ಗಿಮಾನ ಅತ್ಲಾಗಿರ್ಲಿ, ಹುಡ್ಗಿ ಊಟಕ್ಕೇನ್ ಮಾಡ್ಕೊಂತಾಳೆ ಅಂತ ಕೇಳು ಮೊದ್ಲು." ಕೇಳಿದ್ದೇನೆ.

ವೆಂಕಟರವಣಪ್ಪ


ಗೌರಿಬಿದನೂರು
21 ಅಕ್ಟೋಬರ್ 1986

ಶ್ರೀ ವೆಂಕಟರವಣಪ್ಪನವರಿಗೆ,

ನಕಲು ಮಾಡಿಕೊಡುತ್ತೇನೆ. ನವೆಂಬರ್ 9ರ ಭಾನುವಾರ ತೊಂಡೇಬಾವಿಗೆ ಹೋಗುತ್ತೇನೆ. ಅದಕ್ಕೂ ಮೊದಲು ಬಿಡುವಿಲ್ಲ.

ಇದನ್ನು ಕೆಲಸವೆಂದು ಮಾಡುತ್ತೇನೆ, ಬೇರೆ ಯಾರು ಕೇಳಿದ್ದರೂ ಮಾಡುತ್ತಿದ್ದೆ. ನನ್ನ ಹೆಸರು ಎಲ್ಲಿಯೂ ಬರುವುದು ಬೇಡ. 1982ರಲ್ಲಿ ಚಿಕ್ಕಬಳ್ಳಾಪುರದ ಪ್ರದರ್ಶನಕ್ಕೆ ಆ ತಟ್ಟೆಯಾಕಾರದ ಅಮೆರಿಕನ್ ವಿಮಾನವನ್ನು ಎಂಟು ತಿಂಗಳು ಕೂತು ಮಾಡಿದವಳು ನಾನು. ಅದರ ಮುಂದಿನ ಚೀಟಿಯಲ್ಲಿ ನೀವು ಬರೆದದ್ದು ದೊಡ್ಡಪ್ಪನ ಮಗ ಚಲಪತಿಯ ಹೆಸರು. ಮೊದಲ ಬಹುಮಾನ ಬಂತು. ಪೇಪರಿನ ಫೋಟೋದಲ್ಲಿ ಚಲಪತಿ ನಗುತ್ತಿದ್ದಾನೆ, ಅವನ ಕೈಯಲ್ಲಿ ನನ್ನ ವಿಮಾನ. ಪೇಪರಿನಲ್ಲಿ ಬಂದರೆ ಅದು ನಿಜವೇ ಇರುತ್ತದೆ ಅಂತ ಚಿಕ್ಕಂದಿನಿಂದ ನನಗೆ ಹೇಳಿಕೊಟ್ಟವರು ನೀವು.

ಜಗಳಕ್ಕೆ ಬರೆಯುತ್ತಿಲ್ಲ. ಷರತ್ತಿಗೆ ಕಾರಣ ತಿಳಿದಿರಲಿ ಅಂತ ಬರೆದೆ.

ಅಮ್ಮನಿಗೆ ಹೇಳಿ: ಮುದ್ದೆ, ಸೊಪ್ಪಿನ ಸಾರು. ಮನೆಯೊಡತಿ ಗಂಗುಲಮ್ಮ ವಾರಕ್ಕೊಮ್ಮೆ ಹುರುಳಿಕಾಳಿನ ಬಸ್ಸಾರು ಕೊಡುತ್ತಾರೆ.

ವಿ. ಅನಸೂಯ


ಶಿಡ್ಲಘಟ್ಟ
30 ಅಕ್ಟೋಬರ್ 1986

ಅನಸೂಯ,

ಷರತ್ತು ಒಪ್ಪಿದ್ದೇನೆ. ಬಯ್ಯಪ್ಪನವರಿಗೆ ಕಾರ್ಡು ಹಾಕಿದ್ದೇನೆ, ಒಂಬತ್ತರಂದು ಮನೆಯಲ್ಲೇ ಇರುತ್ತಾರೆ.

ಅಳತೆ ಐವತ್ತಕ್ಕೆ ಒಂದು ಇರಲಿ. ನಿಜವಾದ ವಿಮಾನದ ರೆಕ್ಕೆ ಸುಮಾರು ಹದಿನೇಳೂವರೆ ಮೀಟರ್ ಎಂದು ಓದಿದ್ದೇನೆ. ಅಂದರೆ ನಮ್ಮದು ಮೂವತ್ತೈದು ಸೆಂಟಿಮೀಟರ್ ಆಗುತ್ತದೆ. ಅಷ್ಟು ಉದ್ದದ, ಹಗುರವಾದ ಹಾಲೆ ಮರದ ತುಂಡುಗಳು ಜಂಗಮಕೋಟೆಯಿಂದ ಬಂದಿವೆ.

1982ರ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಅದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ.

ಅಪ್ಪ


ಗೌರಿಬಿದನೂರು
16 ನವೆಂಬರ್ 1986

ಅಪ್ಪನವರಿಗೆ,

ನಕ್ಷೆ ಇದರ ಜೊತೆಗಿದೆ. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಕಾಣುವ ಮೂರೂ ಚಿತ್ರಗಳು ಒಂದೇ ಹಾಳೆಯಲ್ಲಿವೆ. ಪುಸ್ತಕದಲ್ಲಿ ಅಂಗೈಗಿಂತ ಚಿಕ್ಕದಿತ್ತು. ಅದನ್ನು ತೆಳು ಕಾಗದಕ್ಕೆ ಇಳಿಸಿಕೊಂಡು ಚೌಕ ಹಾಕಿ, ಮನೆಗೆ ಬಂದು ದೊಡ್ಡ ಚೌಕಗಳಿಗೆ ಇಳಿಸಿ, ಕೊನೆಗೆ ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ತೆಗೆದೆ. ಮಾದರಿ ಎಷ್ಟು ದೊಡ್ಡದೋ ನಕ್ಷೆಯೂ ಅಷ್ಟೇ ಇದೆ, ಅಡಿಪಟ್ಟಿ ಇಟ್ಟರೆ ಸಾಕು. ಹಾಗಾಗಿ ಹಾಳೆಯ ಮೇಲೆ ಅಂಕಿ ಏನೂ ಬರೆದಿಲ್ಲ. ಕಚೇರಿಯಲ್ಲಿ ಮೂಲೆಯಲ್ಲೊಂದು ಚೌಕ ಹಾಕಿ, ನಕ್ಷೆಯ ಹೆಸರು, ಬರೆದವರ ಹೆಸರು ತುಂಬುತ್ತೇವೆ. ಇದು ಕಚೇರಿಯದಲ್ಲ, ಆ ಮೂಲೆ ಖಾಲಿ ಬಿಟ್ಟಿದ್ದೇನೆ.

ಬಯ್ಯಪ್ಪನವರು ಸ್ಟೇಷನ್ನಿಗೇ ಬಂದಿದ್ದರು. ನನ್ನನ್ನು ನೋಡಿದ ಕೂಡಲೇ, "ಏನಮ್ಮ, ಅರ್ಧ ವಿಮಾನಕ್ಕೆ ಪೂರ್ತಿ ಟಿಕೇಟ್ ತಗೊಂಡ್ ಬಂದ್ಯಾ?" ಅಂದರು. ಮನೆಯಲ್ಲಿ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಟವೆಲ್ಲು ಸುತ್ತಿ ಇಟ್ಟಿದ್ದಾರೆ. ಅವರ ಹೆಂಡತಿ ಚಿಕ್ಕವೆಂಕಟಮ್ಮ ಕಾಫಿ ತಂದರು.

"ನಾನ್ ಹಿಂದೂಪುರಕ್ಕೋಗಿ ಎಂಟ್ ದಿನ ಇದ್ರೂ ಕೇಳಲ್ಲ ಈವಯ್ಯ. ಆ ಪುಸ್ತಕ ಮಾತ್ರ ಹೊಸ್ತಿಲು ದಾಟಂಗಿಲ್ಲ."

"ನೀನು ವಾಪಸ್ ಬರ್ತೀಯ ಕಣೇ. ಪುಸ್ತಕ ಹೋದ್ರೆ ಬರಲ್ಲ."

ನಾನು ಗೆರೆ ಎಳೆಯುವಾಗ ಅವರು ಬಗ್ಗಿ ನೋಡಿ, "ಯಾರಿಗಮ್ಮ ಇದು?" ಅಂದರು. ಒಬ್ಬರು ಕೇಳಿದ್ದಾರೆ ಅಂದೆ. "ಕಾರ್ಡ್ ಹಾಕಿದೋರು ನಮ್ಮ ಮಗಳು ಬರ್ತಾಳೆ ಅಂತ ಬರ್ದವ್ರೆ," ಅಂದರು.

ಅನಸೂಯ


ಶಿಡ್ಲಘಟ್ಟ
7 ಡಿಸೆಂಬರ್ 1986

ಚಿ. ಅನಸೂಯಳಿಗೆ,

ರೆಕ್ಕೆ ಮುಗಿದಿದೆ, ಕೊಳವೆ ಮುಗಿದಿದೆ, ಗಾಜಿನ ಗೂಡಿನ ಚೌಕಟ್ಟು ಶುರುವಾಗಿದೆ. ನಿನ್ನ ನಕ್ಷೆ ಬಹಳ ಸ್ಪಷ್ಟವಾಗಿದೆ. ಮೂರು ಚಿತ್ರಗಳ ಅಳತೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದಕ್ಕೊಂದು ತಾಳೆಯಾಗುತ್ತಿದೆ.

ಗೂಡಿಗೆ ಎಕ್ಸ್‌ರೇ ಹಾಳೆ ಬಳಸುತ್ತಿದ್ದೇನೆ. ನಿಮ್ಮಮ್ಮ ಹೋದ ವರ್ಷ ಮೊಣಕಾಲು ನೋವೆಂದು ತೆಗೆಸಿದ್ದು. ಬಟ್ಟೆ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಮೂಳೆ ಎಲ್ಲ ಅಳಿಸಿಹೋಗಿ ಹಾಳೆ ಗಾಜಿನಂತೆ ತಿಳಿಯಾಗುತ್ತದೆ. "ನನ್ ಮಂಡಿ ಮೇಲೆ ಜರ್ಮನ್ನೋರ್ನ ಕೂರಿಸ್ತಾನೆ ನಿಮ್ಮಪ್ಪ," ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.

ನಮ್ಮ ಅಂಗಡಿಗೆ ರಾಟೆ ರಿಪೇರಿಗೆ ಬರುವ, ರೇಷ್ಮೆ ನೂಲು ತೆಗೆಯುವ ರೀಲರುಗಳು ಕೆಲಸ ಕೊಟ್ಟು ಹೋಗುವುದಿಲ್ಲ, ನಿಂತು ನೋಡುತ್ತಾರೆ. "ರವಣಪ್ಪಣ್ಣ, ಮಿಕ್ಕಿದ್ ಬಾಲ ಇಲಿ ತಿಂತಾ?" ಅಂತ ಒಬ್ಬ. "ಒಂದೇ ಕಡೆ ಭಾರ ಐತಲ್ಲ, ಸುತ್ತಾಕ್ಕೊಂಡು ಮತ್ತೆ ಶಿಡ್ಲಘಟ್ಟಕ್ಕೇ ಬರ್ತದೆ ಬುಡು," ಅಂತ ಇನ್ನೊಬ್ಬ. ಅವರಿಗೆಲ್ಲ ವಿವರಿಸಿದ್ದೇನೆ: ಇಂಜಿನ್ನಿನ ಕೊಳವೆ ಬಲಕ್ಕೆ, ಪೈಲಟ್ಟಿನ ಗೂಡು ಎಡಕ್ಕೆ, ಎರಡರ ತೂಕವೂ ಲೆಕ್ಕ ಹಾಕಿದ್ದು, ಅದಕ್ಕೇ ನೇರ ಹಾರುತ್ತದೆ ಎಂದು.

ಪ್ರವೇಶದ ಅರ್ಜಿ ಜನವರಿ 10ರೊಳಗೆ ಕೂಟದವರ ಕೈ ಸೇರಬೇಕು.

ಅಪ್ಪ


ಗೌರಿಬಿದನೂರು
11 ಡಿಸೆಂಬರ್ 1986

ಅಪ್ಪ,

ಗೂಡು ಬಲಕ್ಕೆ ಇರಬೇಕು. ಕೊಳವೆ ಎಡಕ್ಕೆ. ನಿಮ್ಮ ಕಾಗದ ಬೆಳಿಗ್ಗೆ ಕಚೇರಿಗೆ ಬಂತು, ಓದಿದ ಕೂಡಲೇ ತಪ್ಪು ಗೊತ್ತಾಯಿತು. ಅನುಮಾನ ಬೇಡ ಅಂತ ಮಧ್ಯಾಹ್ನ ಬಯ್ಯಪ್ಪನವರ ಪಕ್ಕದ ಅಂಗಡಿಗೆ ಫೋನ್ ಮಾಡಿ, ಅವರನ್ನು ಕರೆಸಿ, ಪುಸ್ತಕ ನೋಡಿಸಿದೆ. ಪೈಲಟ್ಟಿನ ಜಾಗದಲ್ಲಿ ಕೂತು ಮುಂದೆ ನೋಡಿದರೆ ಇಂಜಿನ್ನು ಎಡಗಡೆ, ಅರ್ಧ ಬಾಲವೂ ಎಡಗಡೆ.

ಆಗಿರುವುದು ಇಷ್ಟು. ಟ್ರೇಸಿಂಗ್ ಕಾಗದದಲ್ಲಿ ಗೆರೆ ಎರಡೂ ಕಡೆ ಒಂದೇ ತರಹ ಕಾಣುತ್ತದೆ. ನೀವು ಹಾಳೆಯನ್ನು ಮಗುಚಿ ಹಿಡಿದಿದ್ದೀರಿ. ಮೂರು ಚಿತ್ರಗಳೂ ಒಟ್ಟಿಗೇ ತಿರುವುಮುರುವಾಗಿರುವುದರಿಂದ ಅಳತೆಯಲ್ಲಿ ಏನೂ ತಪ್ಪು ಸಿಗಲಿಲ್ಲ. ನಾವಿಬ್ಬರೂ ಸೇರಿ ಇಪ್ಪತ್ತೊಂದು ವಿಮಾನ ಮಾಡಿದ್ದೇವೆ. ಅವುಗಳಲ್ಲಿ ಎಷ್ಟು ನಕ್ಷೆಗಳನ್ನು ಹಿಂದುಮುಂದಾಗಿ ಹಿಡಿದಿದ್ದೆವೋ ಗೊತ್ತಿಲ್ಲ. ಅವುಗಳಿಗೆಲ್ಲ ಎಡ ಬಲ ಒಂದೇ. ಇದೊಂದಕ್ಕೆ ಮಾತ್ರ ಅಲ್ಲ.

ತಪ್ಪು ನನ್ನದು. ಮೂಲೆಯಲ್ಲಿ ಒಂದೇ ಒಂದು ಅಕ್ಷರ ಬರೆದಿದ್ದರೂ ಅದು ತಿರುಗಿ ಕಾಣುತ್ತಿತ್ತು, ನಿಮಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ನಾನು ಬೇಕೆಂದೇ ಬರೆಯಲಿಲ್ಲ. ಕಚೇರಿಯಲ್ಲಿ ಹೀಗೆ ಮಾಡಿದ್ದರೆ ಮೆಮೊ ಕೊಡುತ್ತಿದ್ದರು.

ಎಷ್ಟು ಕೆಲಸ ಹಾಳಾಯಿತು ಬರೆಯಿರಿ.

ಅನಸೂಯ


ಶಿಡ್ಲಘಟ್ಟ
15 ಡಿಸೆಂಬರ್ 1986

ಚಿ. ಅನಸೂಯಳಿಗೆ,

ರೆಕ್ಕೆ ಹೋಯಿತು. ಉಳಿದದ್ದು ಉಳಿಯುತ್ತದೆ. ಕೊಳವೆ, ಗೂಡು, ಚಕ್ರಗಳು ಎಡಕ್ಕೂ ಬಲಕ್ಕೂ ಆಗುತ್ತವೆ. ಬಾಲದ ಪಟ್ಟಿಯನ್ನು ಇನ್ನೂ ಅಂಟಿಸಿರಲಿಲ್ಲ. ರೆಕ್ಕೆಯಲ್ಲಿ ಮಾತ್ರ ಕೊಳವೆ ಕೂರುವ ಕಚ್ಚು ಕಡಿದುಬಿಟ್ಟಿದ್ದೆ. ಇನ್ನೊಂದು ಕಡೆಯೂ ಕಡಿದರೆ ನಡುವೆ ಮುರಿಯುತ್ತದೆ.

ತಪ್ಪು ಇಬ್ಬರದು. ಮಡಿಕೆ ಬಿಚ್ಚಿದಾಗ ಯಾವ ಮುಖ ಮೇಲೆ ಬಂತೋ ಅದೇ ಸರಿಯೆಂದು ನಾನು ಹಿಡಿದೆ. ವಿಚಾರಿಸಲಿಲ್ಲ.

ಈಗ 1982. ಕಾರಣ ಹೇಳುತ್ತೇನೆ, ಸಮರ್ಥನೆ ಅಲ್ಲ. ನಿನ್ನ ಹೆಸರು ಬರೆದರೆ, ಹುಡುಗಿಗೆ ಅಪ್ಪ ಮಾಡಿಕೊಟ್ಟಿದ್ದಾನೆ ಅಂದು ತೀರ್ಪುಗಾರರು ಬದಿಗಿಡುತ್ತಾರೆ ಅಂದುಕೊಂಡೆ. ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೇ ಅಂದುಕೊಂಡದ್ದು. ವಿಮಾನ ಗೆಲ್ಲಲಿ ಅಂತ ನೋಡಿದೆ. ಮಾಡಿದವಳನ್ನು ನೋಡಲಿಲ್ಲ. ಮಾರನೇ ದಿನ ಪೇಪರಿನಲ್ಲಿ ಫೋಟೋ ಬಂದಾಗ ನೀನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಆ ಸುದ್ದಿಯನ್ನು ನಾನು ಜೋರಾಗಿ ಓದಿದೆ. ಎಲ್ಲರಿಗೂ ಕೇಳುವ ಹಾಗೆ ಓದುವುದು ಅಭ್ಯಾಸ ನೋಡು, ಹಾಗೇ ಓದಿಬಿಟ್ಟೆ.

ಅಕ್ಟೋಬರ್ 23ರಂದು, ನಿನ್ನ ಕಾಗದ ಬಂದ ದಿನವೇ, ಆ ಪತ್ರಿಕೆಯ ಸಂಪಾದಕರಿಗೆ ಬರೆದೆ. 1982ರ ಫೆಬ್ರವರಿಯಲ್ಲಿ ಬಂದ ಸುದ್ದಿಯಲ್ಲಿ ಹೆಸರು ತಪ್ಪಾಗಿದೆ, ತಪ್ಪು ಮಾಹಿತಿ ಕೊಟ್ಟವನು ನಾನು, ವಿಮಾನ ಮಾಡಿದ್ದು ನನ್ನ ಮಗಳು ಅನಸೂಯ, ದಯವಿಟ್ಟು ತಿದ್ದುಪಡಿ ಹಾಕಿ ಎಂದು. ಡಿಸೆಂಬರ್ 3ರಂದು ಉತ್ತರ ಬಂತು. ಇಷ್ಟು ಹಳೆಯ ಸುದ್ದಿಗೆ ತಿದ್ದುಪಡಿ ಹಾಕುವ ಪದ್ಧತಿ ಇಲ್ಲವಂತೆ. ಅವರು ಮರ್ಯಾದೆಯಿಂದಲೇ ಬರೆದಿದ್ದಾರೆ. ನನ್ನ ಕಾಗದದ ಪ್ರತಿ, ಅವರ ಉತ್ತರ, ಎರಡನ್ನೂ ಇದರಲ್ಲಿ ಇಟ್ಟಿದ್ದೇನೆ.

ಗೂಡಿಗೆ ಇನ್ನೂ ನಲವತ್ತಕ್ಕೂ ಹೆಚ್ಚು ತುಂಡು ಕತ್ತರಿಸಿ ಕೂರಿಸಬೇಕು, ಅದಕ್ಕೇ ಮೂರು ವಾರ ಹಿಡಿಯುತ್ತದೆ. ರೆಕ್ಕೆಗೆ ಎರಡು ವಾರ. ಆಮೇಲೆ ಬಣ್ಣ. ಪ್ರದರ್ಶನಕ್ಕೆ ಇರುವುದು ಮೂವತ್ತಮೂರು ದಿನ, ಅದರಲ್ಲೇ ಅಂಗಡಿಯ ಕೆಲಸವೂ ನಡೆಯಬೇಕು. ಈ ವರ್ಷ ಬಿಡುವುದೇ ಸರಿ ಅನ್ನಿಸುತ್ತಿದೆ. ಬಿಟ್ಟರೆ ನಿನಗೆ ಕಾಗದ ಬರೆಯಲು ವಿಷಯ ಇರುವುದಿಲ್ಲ, ಅದೊಂದೇ ಯೋಚನೆ.

ಅಪ್ಪ


ಗೌರಿಬಿದನೂರು
20 ಡಿಸೆಂಬರ್ 1986

ಅಪ್ಪ,

ರೆಕ್ಕೆ ನಾನು ಮಾಡುತ್ತೇನೆ. ಬಿಡಬೇಡಿ.

ಹಾಲೆ ಮರದ ತುಂಡು ಎರಡು ಕಳಿಸಿ, ಒಂದು ಹಾಳಾದರೆ ಇನ್ನೊಂದು ಇರಲಿ. ಸಣ್ಣ ಬಾಚಿ, ಅರ, ಒರಟು ಮತ್ತು ನಯದ ಉಪ್ಪು ಕಾಗದ ಬೇಕು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನನಗೆ ಬಿಡುವಿದೆ, ಭಾನುವಾರ ಪೂರ್ತಿ ಬಿಡುವು. ನೀವು ಗೂಡು ಮುಗಿಸಿ. ಹಾಗೆ ಮಾಡಿದರೆ ಎರಡೂ ಒಟ್ಟಿಗೇ ಮುಗಿಯುತ್ತವೆ.

ಹೊಸ ನಕ್ಷೆ ಇದರಲ್ಲಿದೆ. ಮೂಲೆಯ ಚೌಕ ತುಂಬಿದ್ದೇನೆ. ಓದಲು ಬಂದರೆ ಸರಿಯಾದ ಮುಖ.

ಸಂಪಾದಕರಿಗೆ ನೀವು ಬರೆದ ಕಾಗದವನ್ನು ಇಟ್ಟುಕೊಂಡಿದ್ದೇನೆ. ಅವರ ಉತ್ತರ ನಿಮಗೇ ಇರಲಿ ಅಂತ ವಾಪಸು ಕಳಿಸುತ್ತಿದ್ದೇನೆ. ಅದರ ಬಗ್ಗೆ ಇನ್ನೂ ಏನೇನೋ ಬರೆಯಬೇಕು ಅಂತ ಮೂರು ದಿನದಿಂದ ಹಾಳೆ ಇಟ್ಟುಕೊಂಡು ಕೂತಿದ್ದೆ. ಬರೆಯಲು ಆಗಲಿಲ್ಲ. ಮರ ಬೇಗ ಕಳಿಸಿ.

ಅನಸೂಯ


ಶಿಡ್ಲಘಟ್ಟ
23 ಡಿಸೆಂಬರ್ 1986

ಮಗಳೇ,

ಮರ, ಬಾಚಿ, ಅರ, ಉಪ್ಪು ಕಾಗದ ನಾಳೆ ಬೆಳಗಿನ ಬಸ್ಸಿನಲ್ಲಿ ಬರುತ್ತವೆ. ಕಂಡಕ್ಟರ್ ಮುನಿಶಾಮಿಯ ಕೈಗೆ ಕೊಡುತ್ತೇನೆ, ಈ ಕಾಗದವನ್ನೂ ಇವತ್ತು ಅವನೇ ತಂದು ಮುಟ್ಟಿಸುತ್ತಾನೆ. ಹನ್ನೊಂದಕ್ಕೆ ಗೌರಿಬಿದನೂರಿನ ನಿಲ್ದಾಣಕ್ಕೆ ಬಂದು ತೆಗೆದುಕೋ. "ರೆಕ್ಕೆ ಮಾಡೋಕ್ ಮರಾನಾ? ಎಲ್ಲಿ, ನಮ್ ಬಸ್ಸಿಗೂ ಒಂದ್ ಜೊತೆ ಮಾಡ್ಕೊಡಕ್ ಹೇಳಣ್ಣ, ಮಂಡಿಕಲ್ ರೋಡ್ನಾಗೆ ಹಳ್ಳ ಜಾಸ್ತಿ," ಅಂದ.

ಮರದ ಎಳೆ ಎಡಗಡೆಯಿಂದ ಬಲಕ್ಕೆ ಇಳಿದಿದೆ, ಬಾಚಿಯನ್ನು ಅದಕ್ಕೆ ಎದುರಾಗಿ ಹಿಡಿಯಬೇಡ. ಇದು ನಿನಗೆ ಗೊತ್ತಿದೆ. ಆದರೂ ಬರೆದೆ.

ಅಪ್ಪ


ಗೌರಿಬಿದನೂರು
31 ಡಿಸೆಂಬರ್ 1986

ಅಪ್ಪ,

ಮೊದಲ ತುಂಡು ಸೀಳಿತು. ಎಳೆಗೆ ಎದುರಾಗಿ ಹಿಡಿದಿದ್ದೆ. ಸುಮಾರು ಐದು ವರ್ಷದಿಂದ ಬಾಚಿ ಮುಟ್ಟದೆ ಇದ್ದರೆ ಹೀಗೇ. ಎರಡನೇ ತುಂಡು ಚೆನ್ನಾಗಿ ಬಂದಿದೆ. ಉದ್ದ 34.9 ಸೆಂಟಿಮೀಟರ್. ಎರಡೂ ತುದಿಗಳ ದಪ್ಪ ಒಂದೇ ಇದೆ. ಕೊಳವೆಯ ಕಚ್ಚು ಎಡಕ್ಕೆ ಕಡಿದಿದ್ದೇನೆ. ಕಡಿಯುವ ಮೊದಲು ನಕ್ಷೆಯ ಮೂಲೆಯನ್ನು ಮೂರು ಸಲ ಓದಿದೆ.

ಅಂಗಳದಲ್ಲಿ ಕೂತು ಕೆತ್ತುತ್ತಿದ್ದಾಗ ಗಂಗುಲಮ್ಮ ಪೊರಕೆ ಹಿಡಿದು ಬಂದರು.

"ಏನೇ ಇದು, ಮದುವೆ ಮಾಡ್ಕೊಳ್ಳೋ ವಯಸ್ನಾಗೆ ಮರ ಕೆರ್ಕೊಂಡ್ ಕೂತಿದೀಯ?"

"ಮೊದ್ಲು ರೆಕ್ಕೆ ಆಗ್ಲಿ ಅಕ್ಕ."

"ರೆಕ್ಕೆ ಕಟ್ಕೊಂಡ್ ಎಲ್ಲಿಗೋಗ್ತೀಯಮ್ಮ? ಬಾಡಿಗೆಗೆ ಇನ್ನೊಬ್ರನ್ನ ನೋಡ್ಬೇಕಾ ನಾನು?"

ಬೈದುಕೊಂಡೇ ಗುಡಿಸಿದರು. ಮಾರನೇ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಹಳೇ ಚಾಪೆ ಹಾಸಿ ಇಟ್ಟಿದ್ದರು.

ಅಂಟಿಸುವ ಮೊದಲು ಕೊಳವೆ ಕಚ್ಚಿನಲ್ಲಿ ಕೂರುತ್ತದೋ ಇಲ್ಲವೋ ನೋಡಬೇಕು. ಬಸ್ಸಿನಲ್ಲಿ ಕಳಿಸಿ ತರಿಸುವುದರಲ್ಲಿ ರೆಕ್ಕೆಗೆ ಪೆಟ್ಟಾಗುತ್ತದೆ. ನನ್ನೂರಿಗೂ ನಿಮ್ಮೂರಿಗೂ ನಡುವೆ ಇರುವುದು ಚಿಕ್ಕಬಳ್ಳಾಪುರ. ಜನವರಿ 4ರ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ನೀವು ಕೊಳವೆ, ಗೂಡು, ಒಂದು ಸಣ್ಣ ಅರ ತನ್ನಿ.

ಅನಸೂಯ


ಶಿಡ್ಲಘಟ್ಟ
6 ಜನವರಿ 1987

ಮಗಳೇ,

ರೆಕ್ಕೆ, ಕೊಳವೆ, ಗೂಡು ಮೂರನ್ನೂ ನಿನ್ನೆ ಅಂಟಿಸಿದೆ. ಭಾನುವಾರ ನೀನು ಅರದಲ್ಲಿ ತೆಗೆದದ್ದು ಸಾಕಾಯಿತು, ಮತ್ತೆ ಮುಟ್ಟಲಿಲ್ಲ. ಬೆಳಿಗ್ಗೆ ಎತ್ತಿ ನೋಡಿದೆ, ಸಂದಿನಲ್ಲಿ ಬೆಳಕು ಬರುತ್ತಿಲ್ಲ. ಬೂದು ಬಣ್ಣದ ಮೊದಲ ಕೈ ಇವತ್ತು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾವು ಜೋಡಿಸುತ್ತಿದ್ದಾಗ ಸುತ್ತ ಹತ್ತಿಪ್ಪತ್ತು ಜನ ಸೇರಿದ್ದು ನಿನಗೆ ನೆನಪಿರಬೇಕು. ಚಿಂತಾಮಣಿಯ ಕಡೆಗೆ ಹೊರಟಿದ್ದ ಆ ಅಜ್ಜಿ, "ಪಾಪ, ಅರ್ಧ ಬಾಲ ಬಿದ್ದೋಗದೆ, ಹುಡ್ಕಿ ಕೊಡ್ರಪ್ಪ," ಅಂತ ಬೆಂಚಿನ ಕೆಳಗೆಲ್ಲ ಹುಡುಕಿದಳು. ಆಗ ನೀನು ನಕ್ಕೆ. ನಾನು ಅದನ್ನು ಮನೆಗೆ ಬಂದು ನಿಮ್ಮಮ್ಮನಿಗೆ ಹೇಳಿದೆ. ಅಜ್ಜಿಯ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನೀನು ಹೇಗೆ ನಕ್ಕೆ, ಎಷ್ಟು ಹೊತ್ತು ನಕ್ಕೆ, ಸಣ್ಣಗಾಗಿದ್ದೀಯಾ, ಬರೀ ಅದನ್ನೇ ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ.

ಕಾಫಿ ಕುಡಿಯುವಾಗ ಒಂದು ಮಾತು ಕೇಳಬೇಕೆಂದಿದ್ದೆ. ಗೌರಿಬಿದನೂರಿನ ಬಸ್ಸು ಬಂದುಬಿಟ್ಟಿತು.

ಪ್ರವೇಶದ ಅರ್ಜಿಯನ್ನು ಇವತ್ತು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. 'ಮಾದರಿ ಮಾಡಿದವರು' ಎಂಬಲ್ಲಿ ವಿ. ಅನಸೂಯ, ಗೌರಿಬಿದನೂರು ಎಂದು ಬರೆದೆ. ಷರತ್ತು ಮುರಿದಿದ್ದೇನೆ. ಆ ಜಾಗದಲ್ಲಿ ಬೇರೆ ಹೆಸರು ಬರೆಯಲು ನನ್ನ ಕೈ ಬರಲಿಲ್ಲ. ಹಳೆಯದಕ್ಕೆ ಇದು ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ.

ಅಪ್ಪ


ಗೌರಿಬಿದನೂರು
11 ಜನವರಿ 1987

ಅಪ್ಪ,

ಅರ್ಜಿಯಲ್ಲಿ ಹೆಸರು ಬದಲಾಗಿದೆ. ಬದಲಾಯಿಸಿದ್ದು ನಾನು. ಶುಕ್ರವಾರ ನಿಮ್ಮ ಕಾಗದ ಬಂದ ಕೂಡಲೇ ಟ್ರಂಕ್ ಕಾಲ್ ಹಾಕಿ ಕೂಟದ ಕಾರ್ಯದರ್ಶಿಯವರ ಹತ್ತಿರ ಮಾತಾಡಿದೆ.

ನೀವು ಬರೆದದ್ದು ಸರಿಯಾದ ಮಾಹಿತಿ ಅಲ್ಲ. ನಕ್ಷೆ ಮತ್ತು ರೆಕ್ಕೆ ನನ್ನವು. ಕೊಳವೆ, ಗೂಡು, ಚಕ್ರ, ಪಂಖ, ಬಣ್ಣ ನಿಮ್ಮವು. ಆವತ್ತು ನನ್ನ ಹೆಸರು ಇಲ್ಲದೆ ಹೋಯಿತು ಅಂತ ಇವತ್ತು ನಿಮ್ಮ ಹೆಸರು ತೆಗೆದರೆ ಎರಡು ಸುಳ್ಳಾಗುತ್ತವೆ, ತಿದ್ದುಪಡಿ ಆಗುವುದಿಲ್ಲ. ನನಗೆ ಬೇಕಾಗಿದ್ದದ್ದು ನಿಮ್ಮ ಜಾಗ ಅಲ್ಲ ಅಪ್ಪ. ನನ್ನದು.

ಕಾರ್ಯದರ್ಶಿಗಳು ಮೊದಲು ಒಪ್ಪಲಿಲ್ಲ.

"ಎರಡು ಹೆಸರು ಬರೆಯೋ ಹಾಗಿಲ್ಲಮ್ಮ, ಫಾರಮ್ಮಿನಲ್ಲಿ ಇರೋದು ಒಂದೇ ಗೆರೆ."

"ಗೆರೆ ಎಷ್ಟುದ್ದ ಇದೆ ಸಾರ್?"

"ಇರಬಹುದು, ಒಂದು ನಾಲ್ಕು ಇಂಚು."

"ನಾಲ್ಕು ಇಂಚಲ್ಲಿ ಸಣ್ಣಕ್ಷರದಲ್ಲಿ ಎಂಟು ಹೆಸರು ಹಿಡಿಸ್ತೀನಿ ಸಾರ್. ನಾನು ಟ್ರೇಸರ್."

ಅವರಿಗೆ ನಗು ಬಂತು. "ಸಂಬಂಧ ಏನು, ನೀವಿಬ್ರೂ ಪಾರ್ಟ್‌ನರ್ಸಾ?" ಅಂದರು. "ಅಪ್ಪ, ಮಗಳು," ಅಂದೆ. ನಾನು ಹೇಳುತ್ತಿದ್ದ ಹಾಗೇ ಬರೆದುಕೊಂಡು ಮತ್ತೆ ಓದಿ ಹೇಳಿದರು: ವೆಂಕಟರವಣಪ್ಪ, ಶಿಡ್ಲಘಟ್ಟ ಮತ್ತು ವಿ. ಅನಸೂಯ, ಗೌರಿಬಿದನೂರು. ನಮ್ಮ ಮೇಜಿನ ಸಂಖ್ಯೆ 14. ತೀರ್ಪುಗಾರರು ಪ್ರಶ್ನೆ ಕೇಳುವಾಗ ಇಬ್ಬರೂ ಮೇಜಿನ ಹತ್ತಿರ ಇರಬೇಕಂತೆ. ರೆಕ್ಕೆಯ ಬಗ್ಗೆ ಕೇಳಿದರೆ ನಾನು ಹೇಳುತ್ತೇನೆ. ಗೂಡಿನ ಬಗ್ಗೆ ಕೇಳಿದರೆ ನೀವು ಹೇಳಿ. ಅಮ್ಮನ ಮಂಡಿಯ ವಿಷಯ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಕಾಫಿ ಕುಡಿಯುವಾಗ ನೀವು ಏನು ಕೇಳಬೇಕೆಂದಿದ್ದಿರಿ ಅಂತ ನನಗೆ ಗೊತ್ತಿತ್ತು. ನಾನೂ ಬಸ್ಸು ಬರಲಿ ಅಂತಲೇ ಕಾಯುತ್ತಿದ್ದೆ. ಈಗ ಹೇಳುತ್ತೇನೆ: ಮನೆಗೆ ಬರುತ್ತೇನೆ. ಅಮ್ಮನಿಗೆ ಮುದ್ದೆ ಒಂದು ಜಾಸ್ತಿ ಹಾಕಲು ಹೇಳಿ. ಚಲಪತಿಗೆ ಹೇಳಿ ಕಳಿಸುವುದು ಬೇಡ, ಅವನನ್ನು ಇನ್ನೊಂದು ದಿನ ನೋಡುತ್ತೇನೆ. ಆವತ್ತು ಅವನಿಗೆ ಹದಿನಾರು ವರ್ಷ, ಯಾರೋ ಕೈಗೆ ಕೊಟ್ಟದ್ದನ್ನು ಹಿಡಿದುಕೊಂಡ, ಅಷ್ಟೇ. ಇದು ನನಗೆ ಈಗೀಗ ಹೊಳೆದದ್ದು.

ಶುಕ್ರವಾರ 16ಕ್ಕೆ ಅರ್ಧ ದಿನ ರಜೆ ಮಂಜೂರಾಗಿದೆ. ಮಧ್ಯಾಹ್ನ ಮೂರು ಗಂಟೆಯ ಬಸ್ಸು ಹತ್ತಿ ಸಂಜೆ ಶಿಡ್ಲಘಟ್ಟದಲ್ಲಿ ಇಳಿಯುತ್ತೇನೆ. ಶನಿವಾರ ಮಾದರಿಗಳನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಪ್ಪಿಸಬೇಕು. ಬೆಂಗಳೂರಿಗೆ ಮೊದಲ ಬಸ್ಸು ಐದೂಮುಕ್ಕಾಲಿಗೆ.

ಅನಸೂಯ